ಗಡಿಯಾರದಕ್ಕನ ಮೂವತ್ತು ಮೀಟರ್

ನಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ಜನರನ್ನು ನಡೆಸುತ್ತಿದ್ದಾಳೆ. ನಡೆಸುವುದೆಂದರೆ ಕೈ ಹಿಡಿದು ನಡೆಸುವುದಲ್ಲ, ಕೈ ಹಿಡಿದರೆ ಅದು ಅಲ್ಲಿ ಅಪರಾಧ. ಉದ್ದನೆಯ ಕಾರಿಡಾರಿನಲ್ಲಿ ಮೂವತ್ತು ಮೀಟರ್ ಅಂತರಕ್ಕೆ ಎರಡು ಕಿತ್ತಳೆ ಬಣ್ಣದ ಕೋನ್‌ಗಳು, ರಸ್ತೆ ಅಗೆದ ಕಡೆ ಇಡುತ್ತಾರಲ್ಲ, ಅಂಥವು. ರೋಗಿ ಒಂದರಿಂದ ಇನ್ನೊಂದಕ್ಕೆ ಹೋಗಿ ತಿರುಗಿ ಬಂದು, ಮತ್ತೆ ಹೋಗಿ, ಹೀಗೆ ಆರು ನಿಮಿಷ ನಡೆಯಬೇಕು. ಎಷ್ಟು ಮೀಟರ್ ನಡೆದರು ಎಂಬುದನ್ನು ಇವಳು ಬರೆದುಕೊಳ್ಳಬೇಕು. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ನೇತಾಡುವುದರಿಂದ ಇಡೀ ಆಸ್ಪತ್ರೆಗೆ ಅವಳು ಗಡಿಯಾರದಕ್ಕ.

ಇದೇನು ಮಹಾ ಕೆಲಸ ಎಂದು ನಾನೂ ಮೊದಲು ಮೂಗು ಮುರಿದಿದ್ದೆ. ನಮ್ಮದು ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುವ ವಿಭಾಗ. ಸಕ್ಕರೆ ಕಾಯಿಲೆ, ಬಿಪಿ, ಉಬ್ಬಸ ಇಂಥ ಮನೆಮನೆಯ ಕಾಯಿಲೆಗಳ ಅಧ್ಯಯನಕ್ಕೆ ಸಾವಿರಾರು ಜನ ಸೇರುತ್ತಾರೆ. ಅಲ್ಲಿ ಒಬ್ಬರ ಲೆಕ್ಕ ಹೆಚ್ಚುಕಡಿಮೆಯಾದರೆ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಗಳೂ ಇವೆ. ಅಂಥದ್ದೊಂದು ಸ್ನಾಯು ಕರಗುವ ಕಾಯಿಲೆಗೆ ಹೊಸ ಔಷಧಿ ಬಂದಿತ್ತು. ಎಷ್ಟೋ ದೇಶಗಳನ್ನು ಜಾಲಾಡಿದರೂ ಸಿಕ್ಕ ರೋಗಿಗಳು ನೂರ ಹನ್ನೆರಡು, ನಮ್ಮಲ್ಲಿ ಆರು ಜನ. ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇದ್ದ ಮುಖ್ಯ ದಾರಿ ಈ ಆರು ನಿಮಿಷದ ನಡಿಗೆ.

ನಡೆಸುವವರಿಗೆ ನಿಯಮಗಳಿವೆ. ರೋಗಿಯ ಜೊತೆ ಹೆಜ್ಜೆ ಹಾಕುವಂತಿಲ್ಲ. ಎಷ್ಟು ದೂರವಾಯಿತು ಎಂದು ಹೇಳುವಂತಿಲ್ಲ. ನಿಮಿಷಕ್ಕೊಮ್ಮೆ, ಮೊದಲೇ ಬರೆದುಕೊಟ್ಟ ಮಾತನ್ನು ಮಾತ್ರ ಆಡಬೇಕು. "ಚೆನ್ನಾಗಿ ನಡೀತಿದ್ದೀರಿ, ಹೀಗೇ ಮುಂದುವರಿಸಿ." ಜೊತೆಗೆ ಇನ್ನೆಷ್ಟು ನಿಮಿಷ ಉಳಿದಿದೆ ಎಂಬುದು, ಇಷ್ಟೇ. ದನಿ ಏರಿಸುವಂತಿಲ್ಲ, ಇಳಿಸುವಂತಿಲ್ಲ. ಏಕೆಂದರೆ ಒಬ್ಬರನ್ನು ಹುರಿದುಂಬಿಸಿ ಇನ್ನೊಬ್ಬರನ್ನು ಸುಮ್ಮನೆ ಬಿಟ್ಟರೆ, ನಡೆಸಿದ್ದು ಔಷಧಿಯೋ ಇವಳ ಬಾಯಿಯೋ ಯಾರಿಗೆ ಗೊತ್ತು? ಗಡಿಯಾರದಕ್ಕ ಈ ಮಾತನ್ನು ಆಡುವ ರೀತಿ ಹೇಗಿತ್ತೆಂದರೆ, ಎಳೆ ಹುಡುಗಿ ಗೋಡೆ ಹಿಡಿದು ಅಳುತ್ತ ನಡೆದಾಗಲೂ, ಒಬ್ಬ ಮುದುಕ ತಮಾಷೆಗೆ ಸೆಲ್ಯೂಟ್ ಹೊಡೆಯುತ್ತ ನಡೆದಾಗಲೂ ದನಿ ಒಂದೇ. ಕಲ್ಲು ಹೃದಯ ಎಂದು ರೋಗಿಗಳ ಕಡೆಯವರು ಬೈಯುತ್ತಿದ್ದರು. ಮನೆಗೆ ಹೋಗುವ ಮುಂಚೆ ಅವಳು ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಹತ್ತು ನಿಮಿಷ ನಿಲ್ಲುವುದನ್ನು ನಾನೊಬ್ಬಳೇ ಕಂಡಿದ್ದೆ.

ನಾನು ಆ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕೂತು ಅವಳು ಬರೆದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವವಳು. ನನಗೆ ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಹನ್ನೊಂದು ವರ್ಷ ಜೊತೆಗೆ ಊಟ ಮಾಡಿದ್ದೇವೆ, ಅದಕ್ಕಿಂತ ಹೆಚ್ಚು ಜಗಳವಾಡಿದ್ದೇವೆ.

ಅವಳಿಗೆ ಎಣಿಸುವ ಚಟ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಹೆಜ್ಜೆ ಎಣಿಸುತ್ತಿದ್ದಳಂತೆ. ಗಾಲಿಕುರ್ಚಿ ತಳ್ಳುವ ಆಯಾ ಆಗಿ ಈ ಆಸ್ಪತ್ರೆಗೆ ಸೇರಿದಾಗ ಯಾವ ವಾರ್ಡಿಗೆ ಎಷ್ಟು ಹೆಜ್ಜೆ ಎಂದು ಬಾಯಿಪಾಠ ಹೇಳುತ್ತಿದ್ದಳು. ಅದನ್ನು ಕೇಳಿದ ಆಗಿನ ಡಾಕ್ಟರೊಬ್ಬರು ಕರೆತಂದು ಈ ಕೆಲಸಕ್ಕೆ ಹಾಕಿದರು. ಅವಳ ಗಂಡ ನಿವೃತ್ತ ಬಸ್ ಕಂಡಕ್ಟರ್. "ನಾನು ಜನರನ್ನ ಹತ್ತಿಸಿ ಇಳಿಸಿದೆ, ಇವಳು ಇಳಿಸಿ ನಡೆಸ್ತಾಳೆ" ಎಂದು ನಗುತ್ತಿದ್ದ. ಪ್ರತಿದಿನ ಬೆಳಗ್ಗೆ ಬಂದ ಕೂಡಲೇ ಅವಳು ತಾನೇ ಒಮ್ಮೆ ಆ ಕೋನಿನಿಂದ ಈ ಕೋನಿಗೆ ನಡೆದು ನೋಡುತ್ತಿದ್ದಳು. ನಲವತ್ತನಾಲ್ಕು ಹೆಜ್ಜೆ. ಇಪ್ಪತ್ತೆರಡು ವರ್ಷ ಅದೇ ನಲವತ್ತನಾಲ್ಕು.

ಆ ವರ್ಷ ಕಾರಿಡಾರಿನ ನೆಲ ಅಲ್ಲಲ್ಲಿ ಎದ್ದುಬಂದು, ಹಳೆಯ ಟೈಲ್ಸ್ ಕಿತ್ತು ಹೊಸದು ಹಾಕಿದರು. ಅದೇ ಬೂದು ಬಣ್ಣ, ನೋಡಲು ಅದೇ ಅಳತೆ. ನೆಲ ಬದಲಾದಾಗ ಸ್ಟೀಲ್ ಟೇಪು ಹಿಡಿದು ಮೂವತ್ತು ಮೀಟರ್ ಅಳೆದು, ಅಳೆದಿದ್ದೇನೆಂದು ಸಹಿ ಹಾಕಬೇಕೆಂಬುದು ನಿಯಮ. ಹಳೆಯ ನೆಲದಲ್ಲಿ ಒಂದು ಟೈಲು ಸರಿಯಾಗಿ ಮೂವತ್ತು ಸೆಂಟಿಮೀಟರ್, ನೂರು ಟೈಲಿಗೆ ಮೂವತ್ತು ಮೀಟರ್. ಆ ನೂರು ಅವಳ ರಕ್ತದಲ್ಲೇ ಇಳಿದುಬಿಟ್ಟಿತ್ತು. ಅಂದು ಮೊಣಕಾಲು ನೋಯುತ್ತಿದ್ದರೂ ಬಗ್ಗಿ ನೂರು ಟೈಲು ಎಣಿಸಿದಳು. ಒಮ್ಮೆಯಲ್ಲ, ಎರಡು ಸಲ. ಕೋನ್ ಇಟ್ಟಳು, ಸಹಿ ಹಾಕಿದಳು.

ಹೊಸ ನೆಲದ ಮೇಲೆ ಮೊದಲು ನಡೆಯಬೇಕಾಗಿದ್ದವಳು ನಾವೆಲ್ಲ ಟೈಲರಮ್ಮ ಎನ್ನುತ್ತಿದ್ದ ಹೆಂಗಸು. ಮೂವತ್ತೆಂಟು ವಯಸ್ಸು. ಆ ಅಪರೂಪದ ಕಾಯಿಲೆಯವರಲ್ಲಿ ಒಬ್ಬಳು. ಅದಕ್ಕೊಂದು ಹೆಸರಿದೆ ಎಂದು ತಿಳಿಯುವುದಕ್ಕೇ ಅವಳು ಐದು ವರ್ಷ ಆಸ್ಪತ್ರೆಗಳ ಬಾಗಿಲು ತಟ್ಟಿದ್ದಳು. ಅವಳ ಹೊಲಿಗೆ ಅಂಗಡಿಗೆ ಮೂರು ಮೆಟ್ಟಿಲು. ಔಷಧಿ ಶುರುವಾಗುವ ಮೊದಲು ಅವುಗಳನ್ನು ಕೂತು ಕೂತು ಹತ್ತುತ್ತಿದ್ದಳು. ಆರು ತಿಂಗಳ ಔಷಧಿಯ ನಂತರ ನಿಂತು ಹತ್ತುತ್ತಿದ್ದಳು. "ಗಿರಾಕಿಗಳ ಮುಂದೆ ಮಗು ಥರ ತೆವಳೋದು ತಪ್ಪಿತು" ಎಂದು ನನ್ನ ಬಳಿ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಆ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆರು ತಿಂಗಳಲ್ಲಿ ನಡಿಗೆ ಕನಿಷ್ಠ ಇಪ್ಪತ್ತು ಮೀಟರ್ ಹೆಚ್ಚಿದವರಿಗೆ ಇನ್ನೆರಡು ವರ್ಷ ಕೊಡುತ್ತಾರೆ, ಹೆಚ್ಚದವರಿಗೆ ನಿಲ್ಲಿಸುತ್ತಾರೆ. ಟೈಲರಮ್ಮ ಮೊದಲ ಸಲ ಮುನ್ನೂರ ಹದಿನೆಂಟು ನಡೆದಿದ್ದಳು. ಈಗ ಮುನ್ನೂರ ಮೂವತ್ತೆಂಟು ಮುಟ್ಟಬೇಕು. ಗುರುವಾರ ನಡೆದಳು. ಮುನ್ನೂರ ನಲವತ್ತೆರಡು. ನಾನು ಅಂಕಿ ಹಾಕುವಾಗ ಕುರ್ಚಿಯಲ್ಲೇ ಕುಣಿದೆ. ನಮ್ಮ ದೊಡ್ಡ ಡಾಕ್ಟರು ಎಂದೂ ನಗದವರು, ಅಂದು ನಕ್ಕರು. ಶುಕ್ರವಾರ ಬಂದು ಔಷಧಿಯ ಪೆಟ್ಟಿಗೆ ತೆಗೆದುಕೊಂಡು ಹೋಗಲು ಅವಳಿಗೆ ಹೇಳಿಕಳಿಸಿದೆವು. ಈ ಸರದಿಯ ಪರೀಕ್ಷೆ ಮುಗಿಸಲು ಅವಳಿಗೆ ಕೊನೆಯ ದಿನವೂ ಅದೇ ಶುಕ್ರವಾರ, ಸಂಜೆ ಐದರ ತನಕ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಗಡಿಯಾರದಕ್ಕ ಅಪರೂಪಕ್ಕೆ ಖುಷಿಯಲ್ಲಿದ್ದಳು.

"ಗೊತ್ತಾ, ನನ್ನ ಮೊಣಕಾಲು ಸುಧಾರಿಸ್ತಿದೆ ಕಣೇ. ನಮ್ಮನೆಯವರು ಅದೇನೋ ಎಣ್ಣೆ ತಂದು ತಿಕ್ತಿದ್ದಾರೆ. ಬೆಳಗ್ಗೆ ನಡೆದು ನೋಡ್ತೀನಿ, ನಲವತ್ತೆರಡೇ ಹೆಜ್ಜೆ. ನಿನ್ನೆನೂ ನಲವತ್ತೆರಡು. ಹೆಜ್ಜೆ ಉದ್ದ ಆಗಿದೆ."

ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. ಐದೇ ನಿಮಿಷದ ಹಿಂದೆ ಅವಳು ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನರಳುತ್ತ ಹತ್ತಿದ್ದನ್ನು ನೋಡಿದ್ದೆ. "ಓಹೋ, ಮೆಟ್ಟಿಲು ಹತ್ತೋವಾಗ ಮಾತ್ರ ಭಾವನ ಎಣ್ಣೆ ಕೆಲಸ ಮಾಡಲ್ವೋ?" ಎಂದೆ.

ಅವಳು ನಗಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೈ ತೊಳೆಯದೆ ಎದ್ದು ಹೊರಟಳು. ನಾನು ಹಿಂದೆಯೇ ಓಡಿದೆ.

ಕಾರಿಡಾರಿನ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು. ಔಷಧಿಯ ಪೆಟ್ಟಿಗೆ ಆಗಲೇ ಅವಳ ಮಡಿಲಿಗೆ ಬಂದಿತ್ತು, ದೊಡ್ಡ ಡಾಕ್ಟರ ಸಹಿಯೊಂದು ಬಾಕಿ. ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಗಡಿಯಾರದಕ್ಕ ನೆಟ್ಟಗೆ ಅವಳ ಮುಂದೆ ನಿಂತಳು.

"ನಿಮ್ಮ ಚೀಲದಲ್ಲಿ ಅಳತೆ ಟೇಪಿದೆಯಾ?"

"ಅದಿಲ್ದೆ ನಾನೆಲ್ಲಿಗೆ ಹೋಗ್ತೀನಕ್ಕಾ?" ಟೈಲರಮ್ಮ ನಗುತ್ತ ತೆಗೆದುಕೊಟ್ಟಳು. ಬಟ್ಟೆ ಅಳೆಯುವ ಹಳದಿ ಟೇಪು, ನೂರೈವತ್ತು ಸೆಂಟಿಮೀಟರ್. ಐದು ಟೈಲಿಗೆ ಅದು ಸರಿಯಾಗಿ ಕೂರಬೇಕು. ಅಕ್ಕ ಮೊಣಕಾಲೂರಿ ಅದನ್ನು ನೆಲದ ಮೇಲೆ ಹಾಸಿದಳು. ಐದನೇ ಟೈಲು ಮುಗಿದ ಮೇಲೂ ಟೇಪು ಉಳಿಯಿತು. ಒತ್ತಿ ನೋಡಿದಳು, ಎಳೆದು ನೋಡಿದಳು. ಏಳೂವರೆ ಸೆಂಟಿಮೀಟರ್ ಆರನೇ ಟೈಲಿನ ಮೇಲೆ ಚಾಚಿಕೊಂಡೇ ಇತ್ತು.

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಅಳತೆಯೇ ಬದುಕಾಗಿದ್ದ ಟೈಲರಮ್ಮನಿಗೆ ಬೇಕಾಗಲಿಲ್ಲ. ಒಂದೊಂದು ಟೈಲೂ ಒಂದೂವರೆ ಸೆಂಟಿಮೀಟರ್ ಚಿಕ್ಕದು. ನಮ್ಮ ಮೂವತ್ತು ಮೀಟರ್ ಮೂವತ್ತಲ್ಲ, ಇಪ್ಪತ್ತೆಂಟೂವರೆ. ಅವಳು ನಿನ್ನೆ ನಿಜವಾಗಿ ನಡೆದಿದ್ದು ಮುನ್ನೂರ ಇಪ್ಪತ್ತೈದು.

ಟೈಲರಮ್ಮ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಳು. "ಅಕ್ಕಾ," ಎಂದಳು ಸಣ್ಣ ದನಿಯಲ್ಲಿ, "ನಾನೇನೂ ನೋಡಿಲ್ಲ. ನೀವೂ ನೋಡ್ಬೇಡಿ. ದಮ್ಮಯ್ಯ."

ಗಡಿಯಾರದಕ್ಕ ಟೇಪನ್ನು ಸುತ್ತಿ ವಾಪಸು ಕೊಟ್ಟಳು. ನಾನು ಅವಳ ತೋಳು ಹಿಡಿದು ನನ್ನ ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದೆ.

ನಾನು ಅಂದು ಏನೇನು ಅಂದೆನೋ ಎಲ್ಲ ಬರೆಯಲು ನಾಚಿಕೆಯಾಗುತ್ತದೆ. ಟೈಲ್ಸ್ ಹಾಕಿದವನು ಮಾಡಿದ ತಪ್ಪಿಗೆ ನೀನ್ಯಾಕೆ ತಲೆ ಕೊಡ್ತೀಯ ಅಂದೆ. ಮೂರು ವರ್ಷಕ್ಕೆ ರಿಟೈರ್ ಆಗ್ತೀಯ, ಮುಖಕ್ಕೆ ಮಸಿ ಬಳ್ಕೊಂಡು ಹೋಗ್ತೀಯಾ ಅಂದೆ. ಆ ಹೆಂಗಸು ಮತ್ತೆ ಮೆಟ್ಟಿಲ ಮೇಲೆ ತೆವಳೋದನ್ನ ನೋಡೋಕೆ ನಿನಗೆ ಆಸೆನಾ ಅಂದೆ. ಸುಳ್ಳು ಹೇಳು ಅನ್ನಲಿಲ್ಲ, ಬಾಯಿಗೆ ಬೀಗ ಹಾಕ್ಕೋ ಅಂದೆ ಅಷ್ಟೇ. ಆ ಹೊತ್ತಿಗೆ ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ನನಗನ್ನಿಸಿತ್ತು.

ಅವಳು ಎಲ್ಲ ಕೇಳಿಸಿಕೊಂಡಳು. "ಟೈಲ್ಸ್ ಹಾಕಿದೋನು ಸಹಿ ಹಾಕಿಲ್ಲ ಕಣೇ, ನಾನು ಹಾಕಿದ್ದೀನಿ. ಇನ್ನೂ ಐದು ಜನ ಬರ್ತಾರೆ. ಎಲ್ಲರೂ ಈ ನೆಲದ ಮೇಲೆ ಚೆನ್ನಾಗಿ ನಡೀತಾರೆ. ಔಷಧಿ ಏನೂ ಮಾಡ್ದೇ ಇದ್ರೂ ನಡೀತಾರೆ. ಅದನ್ನ ನಂಬ್ಕೊಂಡು ಇನ್ನೆಲ್ಲೋ ಯಾರೋ ತಮ್ಮ ಮಗುಗೆ ಅದನ್ನೇ ಕುಡಿಸ್ತಾರೆ. ಆಮೇಲೆ?"

ಎರಡೂಕಾಲು ಗಂಟೆಗೆ ಅವಳು ದೊಡ್ಡ ಡಾಕ್ಟರ ಕೋಣೆಯಲ್ಲಿದ್ದಳು. ನಾನೂ ಬಾಗಿಲಲ್ಲಿ ನಿಂತೆ. ಡಾಕ್ಟರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಸಲ ಎಣಿಸಿದೆ ಅಂತೀರಿ. ಒಂದು ಸಲ ಅಳೀಬಾರದಿತ್ತಾ?" ಎಂದರು. ಅವಳು ತಲೆ ತಗ್ಗಿಸಿದಳು. "ನಾಳೆ ನೋಡೋಣ. ಸ್ಟೀಲ್ ಟೇಪ್ ತರಿಸಿ, ಸರಿಯಾಗಿ ಅಳೆದು, ಆಮೇಲೆ ವರದಿ ಬರೆಯೋಣ."

"ನಾಳೆ ಅಂದ್ರೆ ಇವತ್ತಿನ ಐದು ಗಂಟೆ ದಾಟಿಹೋಗುತ್ತೆ ಸರ್. ಲೆಕ್ಕ ಹಾಕಿ ತಿದ್ದಿದ್ರೆ ಮುನ್ನೂರ ಇಪ್ಪತ್ತೈದೇ ನಿಲ್ಲುತ್ತೆ, ಔಷಧಿ ನಿಂತುಹೋಗುತ್ತೆ. ಇವತ್ತೇ ಸರಿಯಾದ ನೆಲದ ಮೇಲೆ ಇನ್ನೊಂದು ಸಲ ನಡೆಸಿದ್ರೆ ಅವಳಿಗೊಂದು ಅವಕಾಶ ಇದೆ."

ಅಲ್ಲಿಯ ತನಕ ಅವಳು ಟೈಲರಮ್ಮನ ವಿರುದ್ಧ ಇದ್ದಾಳೆಂದೇ ನಾನು ತಿಳಿದಿದ್ದೆ. ಡಾಕ್ಟರು ಗಡಿಯಾರ ನೋಡಿದರು, ತಲೆಯಾಡಿಸಿದರು.

ರಿಪೇರಿ ವಿಭಾಗದಿಂದ ಸ್ಟೀಲ್ ಟೇಪು ಬರುವುದಕ್ಕೆ ಮೂರೂವರೆಯಾಯಿತು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಡಾಕ್ಟರೇ ಹಿಡಿದು ಬಗ್ಗಿದರು. ದೂರದ ಕೋನು ಒಂದೂವರೆ ಮೀಟರ್ ಆಚೆಗೆ ಸರಿಯಿತು. ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಕೋನಿನಿಂದ ಕೋನಿಗೆ ಒಂದು ಸುತ್ತೆಂದರೆ ಹನ್ನೊಂದು ಸುತ್ತಿಗೆ ಮುನ್ನೂರ ಮೂವತ್ತು, ಆಮೇಲೆ ದೂರದ ಕೋನಿನಿಂದ ತಿರುಗಿ ಎಂಟು ಮೀಟರ್ ಬರಬೇಕು. ಆ ಎಂಟು ಮೀಟರಿಗೆ ಸರಿಯಾಗಿ ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು, ನನ್ನ ಬಾಗಿಲ ಪಕ್ಕದಲ್ಲೇ.

ಟೈಲರಮ್ಮನಿಗೆ ವಿಷಯ ಹೇಳಿದವರು ಡಾಕ್ಟರು. ಒಪ್ಪದಿದ್ದರೆ ಬಲವಂತವಿಲ್ಲ ಎಂದೂ ಹೇಳಿದರು. ಅವಳು ಅವರ ಮಾತು ಮುಗಿಯುವ ತನಕ ಗಡಿಯಾರದಕ್ಕನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿದ್ದ ಸಿಟ್ಟು ನನಗೂ ತಾಗಿತು. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡಳು. ಎಷ್ಟು ಬೇಕು ಎಂದು ಅವಳಿಗೆ ಯಾರೂ ಹೇಳುವಂತಿರಲಿಲ್ಲ. ನಿನ್ನೆಯದು ಸಾಲದು ಎಂದಷ್ಟೇ ಅವಳಿಗೆ ಗೊತ್ತಿತ್ತು.

ನಾಲ್ಕು ಹತ್ತಕ್ಕೆ ಸ್ಟಾಪ್‌ವಾಚ್ ಒತ್ತಿದ ಸದ್ದು ಕೇಳಿತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ಮೊದಲ ನಿಮಿಷ ಅವಳು ಜೋರಾಗಿ ನಡೆದಳು, ತೀರಾ ಜೋರಾಗಿ. ಹೀಗೆ ನಡೆದರೆ ಕೊನೆಗೆ ಕಾಲು ಕೈಕೊಡುತ್ತದೆ ಎಂದು ಕೂಗಬೇಕೆನಿಸಿತು. ಆ ತುದಿಯಿಂದ ಅಕ್ಕನ ದನಿ ಬಂತು. "ಚೆನ್ನಾಗಿ ನಡೀತಿದ್ದೀರಿ. ಇನ್ನೂ ಐದು ನಿಮಿಷ ಇದೆ." ಎರಡನೆಯದಕ್ಕೆ, "ಹೀಗೇ ಮುಂದುವರಿಸಿ. ಇನ್ನೂ ನಾಲ್ಕು ನಿಮಿಷ ಇದೆ." ಮೂರನೆಯದಕ್ಕೆ ಅರ್ಧ ಮುಗಿಯಿತು ಎಂಬ ಮಾತು. ಟೈಲರಮ್ಮನ ಬಲಗಾಲು ಆಗಲೇ ನೆಲ ಉಜ್ಜತೊಡಗಿತ್ತು. ಚಪ್ಪಲಿಯ ಸದ್ದು ಚರ್ ಚರ್ ಎಂದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಒಮ್ಮೆ ಕೋನಿನ ಬಳಿ ತಿರುಗುವಾಗ ಮುಗ್ಗರಿಸಿದಳು. ಅಕ್ಕನ ಎಡಗೈ ತಾನಾಗಿ ಮುಂದೆ ಬಂತು, ಬಲಗೈ ಅದನ್ನು ಹಿಡಿದು ಕೆಳಗಿಳಿಸಿತು. ಟೈಲರಮ್ಮ ತಾನೇ ಸಾವರಿಸಿಕೊಂಡಳು.

ಐದನೇ ನಿಮಿಷ. "ಚೆನ್ನಾಗಿ ನಡೀತಿದ್ದೀರಿ. ಇನ್ನೊಂದೇ ನಿಮಿಷ ಇದೆ." ಅದೇ ದನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹನ್ನೊಂದನೇ ಸುತ್ತಿಗೆ ಟೈಲರಮ್ಮ ನನ್ನ ಬಾಗಿಲು ದಾಟಿ ಹೋದಾಗ ಮುಖ ಬೆವರಿನಲ್ಲಿ ತೊಯ್ದಿತ್ತು, ಬಾಯಿ ತೆರೆದಿತ್ತು. ದೂರದ ಕೋನು ಮುಟ್ಟಿ ತಿರುಗಿದಳು. ಈಗ ನನ್ನ ಕಡೆಗೇ ಬರುತ್ತಿದ್ದಳು. ಕೆಂಪು ಸಿಲಿಂಡರ್ ನನ್ನ ಕೈಯಳತೆಯಲ್ಲಿತ್ತು. ಬಾ, ಬಾ, ಇನ್ನು ನಾಲ್ಕೇ ಹೆಜ್ಜೆ ಬಾ ತಾಯಿ ಎಂದು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ನಿಲ್ಲಿ."

ಟೈಲರಮ್ಮ ನಿಂತಳು. ಸಿಲಿಂಡರಿಗೂ ಅವಳಿಗೂ ನಡುವೆ ನೆಲ ಖಾಲಿ ಇತ್ತು. ಅಕ್ಕ ಕುಂಟುತ್ತ ಬಂದು ಅವಳಿಗೆ ಕುರ್ಚಿ ಹಾಕಿದಳು, ಹಿಮ್ಮಡಿಯ ಬಳಿ ಅಂಟುಪಟ್ಟಿ ಅಂಟಿಸಿದಳು, ಸ್ಟೀಲ್ ಟೇಪಿನಲ್ಲಿ ಅಳೆದಳು. ಐದು ಮೀಟರ್. ಹಾಳೆಯಲ್ಲಿ ಬರೆದಳು. ಮುನ್ನೂರ ಮೂವತ್ತೈದು.

ನಿನ್ನೆಗಿಂತ ಹತ್ತು ಮೀಟರ್ ಹೆಚ್ಚು. ಆ ಕಾಲಿನಲ್ಲಿ ಆ ಹತ್ತು ಮೀಟರ್ ಎಲ್ಲಿಂದ ತಂದಳೋ. ಮೂರು ಮೀಟರ್ ಸಾಲಲಿಲ್ಲ.

"ಎಷ್ಟಾಯ್ತು?" ಏದುಸಿರಿನ ನಡುವೆ ಟೈಲರಮ್ಮ ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗಡಿಯಾರದಕ್ಕ ದೂರ ಹೇಳಬಾರದೆಂಬ ನಿಯಮ ಮುರಿದಳು. ಅವಳ ಪಕ್ಕ ನೆಲದ ಮೇಲೇ ಕೂತು ಹೇಳಿದಳು. "ಮೂರು ಮೀಟರ್ ಕಮ್ಮಿ."

"ಮೂರು ಮೀಟರ್," ಎಂದಳು ಟೈಲರಮ್ಮ. "ಒಂದು ಗೌನಿನ ಬಟ್ಟೆ." ಬೆಂಚಿನ ಮೇಲಿದ್ದ ಪೆಟ್ಟಿಗೆಯನ್ನು ತಾನೇ ಅಕ್ಕನ ಕಡೆ ತಳ್ಳಿ, ಗೋಡೆ ಹಿಡಿದುಕೊಂಡು ಲಿಫ್ಟಿನ ಕಡೆ ಹೋದಳು. ತಿರುಗಿ ನೋಡಲಿಲ್ಲ.

ಹಾಳೆ ನನ್ನ ಮೇಜಿಗೆ ಬಂದಾಗ ನಾಲ್ಕೂಮುಕ್ಕಾಲು. ಕಂಪ್ಯೂಟರಿನಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಹಾಕಬೇಕು. ಮೂರು ಒತ್ತಿದೆ. ಇನ್ನೊಂದು ಮೂರು ಒತ್ತಿದೆ. ಐದರಿಂದ ಅಡ್ಡಕ್ಕೆ ಮೂರು ಕೀ ಆಚೆ ಎಂಟು ಇತ್ತು. ಎಂಟು ಒತ್ತಿದರೆ ಮುಗಿಯಿತು. ಪೆಟ್ಟಿಗೆ ಇನ್ನೂ ಕಪಾಟಿಗೆ ಹೋಗಿಲ್ಲ, ಟೈಲರಮ್ಮ ಇನ್ನೂ ಬಸ್‌ ಸ್ಟಾಪಿನಲ್ಲೇ ಇರುತ್ತಾಳೆ. ಹಾಳೆಯ ಐದನ್ನು ಎಂಟು ಮಾಡುವುದಕ್ಕೆ ಪೆನ್ನಿನ ಎರಡು ಗೀರು ಸಾಕು. ನನ್ನ ಬೆರಳು ಎಂಟರ ಮೇಲಿತ್ತು. ದೇವರಾಣೆಗೂ ಇತ್ತು.

ಅಕ್ಕ ನನ್ನ ಹಿಂದೆ ನಿಂತಿದ್ದಳು. ಅವಳು ಬಂದಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಬೈಯಲಿಲ್ಲ, ಕೈ ಹಿಡಿಯಲಿಲ್ಲ. ಕಾರಿಡಾರಿನಲ್ಲಿ ಆಡುವ ಅದೇ ದನಿಯಲ್ಲಿ, "ಚೆನ್ನಾಗಿ ಮಾಡ್ತಿದ್ದೀಯ. ಹೀಗೇ ಮುಂದುವರಿಸು" ಎಂದಳು. ದನಿ ಅದೇ ಇತ್ತು, ಆದರೆ ಕಂಪ್ಯೂಟರಿನ ಪರದೆಯಲ್ಲಿ ಕಂಡ ಅವಳ ಮುಖದ ತುಂಬ ನೀರು ಹರಿಯುತ್ತಿತ್ತು. ನಾನು ಐದು ಒತ್ತಿದೆ.

ಅವಳ ಮೇಲೆ ವರದಿ ಹೋಯಿತು. ಅಳೆಯುವುದು ಹೇಗೆ ಎಂಬ ಎರಡು ದಿನದ ತರಬೇತಿಗೆ ಕಳಿಸಿದರು, ಇಷ್ಟು ವರ್ಷ ಅವಳೇ ಹೊಸಬರಿಗೆ ಕಲಿಸುತ್ತಿದ್ದ ತರಬೇತಿ. ಕೊನೆಯ ಸಾಲಿನಲ್ಲಿ ಕೂತು ಎಲ್ಲ ಬರೆದುಕೊಂಡು ಬಂದಳು. ಉಳಿದ ಐವರೂ ಸರಿಯಾದ ಮೂವತ್ತು ಮೀಟರಿನ ಮೇಲೆ ನಡೆದರು. ಇಬ್ಬರಿಗೆ ಔಷಧಿ ಮುಂದುವರಿಯಿತು.

ಔಷಧಿ ನಿಂತವರನ್ನೂ ಆರು ತಿಂಗಳಿಗೊಮ್ಮೆ ನಡೆಸಿ ನೋಡಬೇಕೆಂದಿದೆ, ಬರಲೇಬೇಕೆಂದಿಲ್ಲ. ಟೈಲರಮ್ಮ ಬರುವುದಿಲ್ಲ ಎಂದು ನಮಗೆಲ್ಲ ಖಾತ್ರಿಯಾಗಿತ್ತು. ಆರನೇ ತಿಂಗಳು, ಒಂದು ಮಂಗಳವಾರ, ಬಂದಳು. ಕೈಯಲ್ಲಿ ಕೋಲಿತ್ತು. ಯಾರನ್ನೂ ಮಾತಾಡಿಸಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಬಹಳ ಕಷ್ಟಪಟ್ಟು ನೆಲಕ್ಕೆ ಕೂತು, ಚೀಲದಿಂದ ಹಳದಿ ಟೇಪು ತೆಗೆದಳು. ಈ ಕೋನಿನಿಂದ ಆ ಕೋನಿನ ತನಕ, ನೂರೈವತ್ತು ಸೆಂಟಿಮೀಟರ್ ಹಾಸುತ್ತ, ಗುರುತು ಹಾಕುತ್ತ, ಕೂತಲ್ಲೇ ಸರಿಯುತ್ತ ಇಪ್ಪತ್ತು ಸಲ ಅಳೆದಳು. ಗಡಿಯಾರದಕ್ಕ ಸ್ಟಾಪ್‌ವಾಚ್ ಹಿಡಿದುಕೊಂಡು ಕಾದಳು. ಸಹಾಯಕ್ಕೆ ಹೋಗಲಿಲ್ಲ, ಅವಸರ ಮಾಡಲಿಲ್ಲ.

ಇಪ್ಪತ್ತನೆಯದು ಕೋನಿನ ಬುಡಕ್ಕೆ ಸರಿಯಾಗಿ ಮುಟ್ಟಿತು. ಟೈಲರಮ್ಮ ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದಳು.

"ಸರಿಯಿದೆ ಅಕ್ಕಾ," ಎಂದಳು. "ಶುರು ಮಾಡಿ."